ಹುಡುಗಿ "ದೂರ" ಹೋದಳು ಅಂದರೆ ಎಷ್ಟು ದೂರ ಅಂತ ಕೇಳಿ

ನಾನು ಕೊಡಗಿನಲ್ಲಿ ಅಂಗನವಾಡಿ ಟೀಚರ್. 22 ವರ್ಷವಾಯಿತು. ನನ್ನ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಜಾಸ್ತಿ ಜನ ಕಾಫಿ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳವರು. ಉಳಿದವರು ಪಕ್ಕದ ಆದಿವಾಸಿ ಹಾಡಿಯವರು. ವರ್ಷಕ್ಕೊಮ್ಮೆ ಸರ್ವೆ ಪುಸ್ತಕ ಹಿಡಿದು ಮನೆ ಮನೆಗೆ ಹೋಗಿ, ಯಾರ ಮನೆಯಲ್ಲಿ ಎಷ್ಟು ಜನ ಅಂತ ಬರೆಯುತ್ತೇನೆ. ಒಂದು ಸಲ ಜುಲೈನಲ್ಲಿ ಹಾಗೆ ಬರೆಯುವಾಗ ಒಂದು ಮನೆಯಲ್ಲಿ ಒಂದು ಹೆಸರು ಕಡಿಮೆ ಬಂತು.

"ದೊಡ್ಡವಳು ಎಲ್ಲಿ?" ಅಂದೆ.

"ಮದುವೆ ಆಯ್ತು ಟೀಚರೇ. ದೂರ" ಅಂದಳು ತಾಯಿ.

"ದೂರ" ಅಂತ ಬರೆದುಕೊಂಡು ಮುಂದಿನ ಮನೆಗೆ ಹೋದೆ. ಮಳೆ ಸುರಿಯುತ್ತಿತ್ತು, ಇನ್ನೂ ಹದಿನಾಲ್ಕು ಮನೆ ಬಾಕಿ ಇತ್ತು. ಯಾವ ಊರು, ಯಾರ ಜೊತೆ, ಒಂದನ್ನೂ ಕೇಳಲಿಲ್ಲ. ಆ ಹುಡುಗಿ ನನ್ನ ಹತ್ತಿರವೇ ಅ ಆ ಇ ಈ ಕಲಿತವಳು. ಹದಿನೇಳು ವರ್ಷ. ಅವಳ ಅಪ್ಪನ ಕೈಗೆ 40,000 ರೂಪಾಯಿ ಕೊಟ್ಟು ಅವಳನ್ನು ಹರಿಯಾಣದ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಅವಳು ವಾಪಸ್ ಬರಲು ಒಂದು ವರ್ಷ ಮೂರು ತಿಂಗಳು ಹಿಡಿಯಿತು.

ಆ ಹದಿನೈದು ತಿಂಗಳಲ್ಲಿ ಓಡಾಡಿ, ಬೈಸಿಕೊಂಡು, ವಕೀಲರನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಶಾ ಕಾರ್ಯಕರ್ತೆಯರಿಗೆ, ಶಾಲೆಯ ಟೀಚರುಗಳಿಗೆ, ತೋಟದ ಲೆಕ್ಕ ಬರೆಯುವ ರೈಟರುಗಳಿಗೆ, ಪಕ್ಕದ ಮನೆಯವರಿಗೆ. ಇಂಥ ಸುದ್ದಿ ಮೊದಲು ಬರುವುದು ನಮ್ಮ ಕಿವಿಗೇ.

ಮದುವೆನಾ, ಮಾರಾಟನಾ?

ದಲ್ಲಾಳಿ ಇದ್ದ ಮಾತ್ರಕ್ಕೆ ಅದು ಮಾರಾಟ ಅಲ್ಲ. ನಮ್ಮಲ್ಲಿ ಎಷ್ಟೋ ಸಂಬಂಧ ಮಧ್ಯಸ್ಥರಿಂದಲೇ ಕೂಡಿ ಬರುತ್ತವೆ. ಬಡವರ ಮದುವೆ ಸರಳವಾಗಿ ಆಗುವುದೂ ತಪ್ಪಲ್ಲ. ನಾನು ಈಗ ಮೂರೇ ವಿಷಯ ನೋಡುತ್ತೇನೆ. ಹುಡುಗಿ "ಬೇಡ" ಅಂದರೆ ಮದುವೆ ನಿಲ್ಲುತ್ತದಾ? ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು? ನಾಳೆ ಅವಳಿಗೆ ಅಲ್ಲಿ ಇರಲು ಆಗದಿದ್ದರೆ ಎದ್ದು ಬರಬಹುದಾ?

ಇದು ನನ್ನ ತಲೆಯಿಂದ ಬಂದದ್ದಲ್ಲ. 1956ರಲ್ಲಿ ವಿಶ್ವಸಂಸ್ಥೆ ಗುಲಾಮಗಿರಿ ಬಗ್ಗೆ ಮಾಡಿದ ಒಪ್ಪಂದದಲ್ಲೇ ಇದೆ. ಬೇಡ ಅನ್ನುವ ಹಕ್ಕಿಲ್ಲದ ಹೆಣ್ಣನ್ನು, ಅವಳ ಮನೆಯವರಿಗೆ ಹಣವೋ ವಸ್ತುವೋ ಕೊಟ್ಟು ಮದುವೆ ಮಾಡಿಕೊಂಡರೆ ಅದು ಗುಲಾಮಗಿರಿಗೆ ಸಮ. ಗಂಡನ ಮನೆಯವರು ಅವಳನ್ನು ಇನ್ನೊಬ್ಬನಿಗೆ ದಾಟಿಸಿದರೂ ಅಷ್ಟೇ. ಗಂಡ ಸತ್ತರೆ ಆಸ್ತಿಯ ಹಾಗೆ ಬೇರೆಯವನ ಪಾಲಿಗೆ ಕೊಟ್ಟರೂ ಅಷ್ಟೇ. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 2 ಕೋಟಿ 20 ಲಕ್ಷ ಜನ ಬಲವಂತದ ಮದುವೆಯಲ್ಲಿ ಬದುಕುತ್ತಿದ್ದಾರೆ.

ಕೊಡವರ ಮದುವೆ ನೋಡಿದವರಿಗೆ ಅರುವ ಯಾರು ಅಂತ ಗೊತ್ತು. ಹುಡುಗಿ ಕಡೆಗೊಬ್ಬರು, ಹುಡುಗನ ಕಡೆಗೊಬ್ಬರು ನಿಂತು, ಮನೆತನದ ಪರವಾಗಿ ಮಾತು ಕೊಟ್ಟು ಮಾತು ತೆಗೆದುಕೊಳ್ಳುತ್ತಾರೆ. ಮುಂದೆ ಹುಡುಗಿಗೆ ತೊಂದರೆಯಾದರೆ ಹೋಗಿ ವಿಚಾರಿಸುವ ಹೊಣೆ ಅವರದು. ಲೈನ್ ಮನೆಯ ಹುಡುಗಿಗೆ ಅರುವ ಇಲ್ಲ. ಅವಳ ಪರವಾಗಿ "ಎಲ್ಲಿಗೆ? ಯಾರ ಮನೆಗೆ?" ಅಂತ ಕೇಳುವ ಒಬ್ಬರು ಬೇಕು. ಆ ಒಬ್ಬರು ನಾವಾಗಬಹುದು ಅಲ್ವಾ?

ಮಳೆಗಾಲದಲ್ಲಿ ಕಣ್ಣಿಟ್ಟಿರಿ

ಡಿಸೆಂಬರಿನಿಂದ ಫೆಬ್ರವರಿ ತನಕ ಕಾಫಿ ಕುಯ್ಲು. ಕೈಯಲ್ಲಿ ಕೂಲಿ ಓಡಾಡುತ್ತದೆ. ಜೂನ್ ಬಂದರೆ ಕೆಲಸ ಕಡಿಮೆ, ಮನೆಯೊಳಗೇ ಕೂರಬೇಕು. ಮೇಸ್ತ್ರಿಯ ಅಡ್ವಾನ್ಸ್ ತೀರಿರುವುದಿಲ್ಲ, ವಾರದ ಸಂಘದ ಕಂತು ನಿಲ್ಲುವುದಿಲ್ಲ. ದಲ್ಲಾಳಿ ಬರುವುದು ಆಗಲೇ. ನಮ್ಮ ಹುಡುಗಿಯನ್ನು ಕರೆದುಕೊಂಡು ಹೋದದ್ದು ಜುಲೈ ಕೊನೆಯಲ್ಲಿ, ಕೊಡವರ ಕಕ್ಕಡ ತಿಂಗಳಲ್ಲಿ. ಕಕ್ಕಡದಲ್ಲಿ ಕೊಡಗಿನಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಊರೆಲ್ಲ ಮದ್ದುಸೊಪ್ಪಿನ ಪಾಯಸಕ್ಕೆ ಕಾಯುತ್ತಿರುವಾಗ ಒಂದು ಮನೆಯಲ್ಲಿ ಮಾತ್ರ ಮದುವೆ ಮುಗಿದಿದೆ ಅಂದರೆ ಅಲ್ಲೇ ಅನುಮಾನ ಬರಬೇಕಿತ್ತು.

ಗಂಡಿನ ಕಡೆಯವರೇ ಎಲ್ಲ ಖರ್ಚು ಹಾಕುತ್ತಾರೆ ಅಂದರೆ ಹುಷಾರಾಗಿ. ಗಂಡಿನ ಜೊತೆ ಅವನ ತಾಯಿ, ಅಕ್ಕ, ಅತ್ತಿಗೆ, ಒಬ್ಬ ಹೆಂಗಸೂ ಬಂದಿಲ್ಲ ಅಂದರೆ ಇನ್ನೂ ಹುಷಾರಾಗಿ. ಮದುವೆ ಹುಡುಗಿಯ ಊರಿನಲ್ಲಿ ಆಗುವುದಿಲ್ಲ, ಮೈಸೂರಿನಲ್ಲಿ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸಿ ಒಂದು ಫೋಟೋ ತೆಗೆಸುತ್ತಾರೆ. ಇದ್ದಕ್ಕಿದ್ದಂತೆ ಮನೆಗೆ ಹೊಸ ಮೊಬೈಲ್ ಬರುತ್ತದೆ, ಹಳೆ ಸಾಲ ಒಂದೇ ದಿನಕ್ಕೆ ತೀರುತ್ತದೆ. ಹುಡುಗಿಯ ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಿಸಲು ಯಾರೋ ಕರೆದುಕೊಂಡು ಹೋಗುತ್ತಾರೆ. ಈ ಕೊನೆಯದನ್ನು ಕಂಡರೆ ಬೇರೆ ಯಾವುದಕ್ಕೂ ಕಾಯಬೇಡಿ.

ದಲ್ಲಾಳಿ ಅಂದರೆ ಮೀಸೆ ಹೊತ್ತ ಅಪರಿಚಿತ ಗಂಡಸು ಅಂತ ನಾನು ಅಂದುಕೊಂಡಿದ್ದೆ. ನಮ್ಮಲ್ಲಿಗೆ ಬಂದವಳು ಹೆಂಗಸು. ಎರಡು ವರ್ಷ ಪಕ್ಕದ ತೋಟದಲ್ಲಿ ಕೆಲಸ ಮಾಡಿದ್ದವಳು, ಎಲ್ಲರಿಗೂ "ಅಕ್ಕ". ಹರಿಯಾಣದ ಕಡೆ, ಹಿಂದೆ ಹಾಗೆ ಹೋದ ಹೆಂಗಸರನ್ನೇ ಮುಂದಿಟ್ಟು ಅವರ ಊರಿನ ಹುಡುಗಿಯರನ್ನು ಕರೆಸಿಕೊಳ್ಳುವುದು ನಡೆದುಕೊಂಡು ಬಂದಿದೆ. "ನಾನು ಸುಖವಾಗಿದ್ದೀನಿ ನೋಡು" ಅನ್ನುವವಳ ಮಾತನ್ನು ತಾಯಂದಿರು ನಂಬುತ್ತಾರೆ.

ಅಷ್ಟು ದೂರದಿಂದ ಯಾಕೆ ಬರುತ್ತಾರೆ ಅಂತ ಕೇಳುತ್ತೀರಿ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ 1000 ಗಂಡಸರಿಗೆ 1019 ಹೆಂಗಸರು. ಹರಿಯಾಣದಲ್ಲಿ 879. ಹೊಟ್ಟೆಯಲ್ಲೇ ಹೆಣ್ಣುಮಕ್ಕಳನ್ನು ಕಳೆದುಕೊಂಡ ಊರುಗಳು ಈಗ ಅಸ್ಸಾಂ, ಬಂಗಾಳ, ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಹೆಣ್ಣು ತರುತ್ತವೆ. ಹಾಗೆ ತಂದವಳನ್ನು ಅಲ್ಲಿ "ಮೋಲ್ಕಿ" ಅನ್ನುತ್ತಾರೆ. ಕೊಂಡು ತಂದವಳು ಅಂತ ಅರ್ಥ. ಮಕ್ಕಳು ಹುಟ್ಟಿದ ಮೇಲೂ ಅದೇ ಹೆಸರು.

ಮೊದಲೇ ಗೊತ್ತಾದರೆ

ಸುದ್ದಿ ಕಿವಿಗೆ ಬಿದ್ದ ಕೂಡಲೇ ಮನೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ. ಹೋದರೆ ಅವತ್ತು ರಾತ್ರಿಯೇ ಹುಡುಗಿಯನ್ನು ಸಾಗಿಸಿಬಿಡುತ್ತಾರೆ. ಮೊದಲು ವಯಸ್ಸು ಗೊತ್ತುಮಾಡಿಕೊಳ್ಳಿ. ಕಾನೂನು ಮೊದಲು ನೋಡುವುದು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ವೈದ್ಯರ ಪರೀಕ್ಷೆ. ಆಧಾರ್ ವಯಸ್ಸಿನ ಪುರಾವೆ ಅಲ್ಲ. ಹೆಡ್‌ಮಾಸ್ಟರ್ ಹತ್ತಿರ ಹೋಗಿ ದಾಖಲಾತಿ ಪುಸ್ತಕದ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

18 ತುಂಬಿಲ್ಲ ಅಂದರೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ, ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ. ಮದುವೆ ಇವತ್ತೋ ನಾಳೆಯೋ ಅಂತಿದ್ದರೆ 112. ಫೋನಿನಲ್ಲಿ ಕಥೆ ಹೇಳಲು ಹೋಗಬೇಡಿ. ಹುಡುಗಿಯ ಹೆಸರು, ವಯಸ್ಸು, ಯಾವ ತೋಟ, ಎಷ್ಟನೇ ಲೈನ್, ಯಾವತ್ತು ಕರೆದುಕೊಂಡು ಹೋಗುತ್ತಾರೆ, ಗಾಡಿ ನಂಬರ್. ತೋಟಕ್ಕೆ ದಾರಿ ಹೇಳುವಾಗ ಹೊರಗಿನವರಿಗೆ ಗೊತ್ತಾಗುವ ಗುರುತು ಹೇಳಿ. "ಕೆಳಗಿನ ಲೈನ್" ಅಂದರೆ ಮಡಿಕೇರಿಯಿಂದ ಬರುವವರಿಗೆ ಗೊತ್ತಾಗುವುದಿಲ್ಲ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಸೀಲ್ದಾರ್, ಪಂಚಾಯಿತಿ ಪಿಡಿಒ, ಇವರಿಗೂ ಬಾಲ್ಯವಿವಾಹ ತಡೆಯುವ ಅಧಿಕಾರ ಇದೆ. ಮ್ಯಾಜಿಸ್ಟ್ರೇಟ್ ತಡೆಯಾಜ್ಞೆಯನ್ನೂ ಕೊಡಬಹುದು. ತಡೆಯಾಜ್ಞೆ ಮೀರಿ ಮಾಡಿದ ಮದುವೆ ಮದುವೆಯೇ ಅಲ್ಲ.

ಮನೆಯವರಿಗೆ ಒಂದು ಮಾತು ಚೆನ್ನಾಗಿ ಅರ್ಥವಾಗುವ ಹಾಗೆ ಹೇಳಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಆಗುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹುಡುಗಿಯನ್ನು ಮದುವೆಗೋಸ್ಕರ ಮಾರಿದ್ದರೆ ಅದು ದೇಶದ ಯಾವ ಮೂಲೆಯಲ್ಲೂ ನಿಲ್ಲುವುದಿಲ್ಲ. "ತಾಳಿ ಬಿದ್ದಾಯ್ತಲ್ಲ, ಇನ್ನೇನು ಮಾಡೋದು" ಅನ್ನುವ ಮಾತಿಗೆ ಇದೇ ಉತ್ತರ.

18 ತುಂಬಿದವಳಾದರೆ ದಾರಿ ಬೇರೆ. ಅವಳನ್ನು ಒಬ್ಬಳೇ ಮಾತಾಡಿಸಬೇಕು. ನಾನು ತೂಕ ನೋಡುವ ನೆಪದಲ್ಲಿ ಕೇಂದ್ರಕ್ಕೆ ಕರೆಯುತ್ತೇನೆ. "ನಿನಗೆ ಇಷ್ಟ ಇದೆಯಾ" ಅಂತ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಹಾಗಾಗಿ ಬೇರೆ ಥರ ಕೇಳುತ್ತೇನೆ. ಹುಡುಗನ ಹತ್ತಿರ ಎಷ್ಟು ಸಲ ಮಾತಾಡಿದ್ದೀಯ? ಯಾವ ಭಾಷೆಯಲ್ಲಿ? ನೀನು ಬೇಡ ಅಂದರೆ ಅಪ್ಪ ಆ ದುಡ್ಡು ವಾಪಸ್ ಕೊಡಬೇಕಾ? ಮೂರನೆಯ ಪ್ರಶ್ನೆಗೆ ಅವಳು ಸುಮ್ಮನಾದರೆ ನನಗೆ ಉತ್ತರ ಸಿಕ್ಕಿದ ಹಾಗೆ. ಅಂಥವಳಿಗೆ ಮಹಿಳಾ ಸಹಾಯವಾಣಿ 181 ಇದೆ, ತೊಂದರೆಯಲ್ಲಿರುವ ಹೆಂಗಸರಿಗಾಗಿ ಸರ್ಕಾರದ ಸಖಿ ಕೇಂದ್ರ ಇದೆ. ಮನೆಯಲ್ಲಿ ಇರಲು ಆಗದಿದ್ದರೆ ಕೆಲವು ದಿನ ಅಲ್ಲೇ ಉಳಿಯಬಹುದು.

ಮದುವೆ ಅವಳಿಗೇ ಬೇಕು ಅಂದರೆ, ಊರಲ್ಲೇ ಆಗಲಿ, ನೋಂದಣಿ ಆಗಲಿ ಅಂತ ಹಟ ಹಿಡಿಯಿರಿ. ಪಿನ್‌ಕೋಡ್ ಸಮೇತ ವಿಳಾಸ ಬರೆಸಿಕೊಳ್ಳಿ. ಹುಡುಗನ ತಾಯಿಯ ಜೊತೆ ವಿಡಿಯೋ ಕಾಲ್ ಮಾಡಿಸಿ. ಮಾರಾಟಕ್ಕೆ ಬಂದವರು ಇಷ್ಟರಲ್ಲೇ ಜಾಗ ಖಾಲಿ ಮಾಡುತ್ತಾರೆ.

ಹೊರಟೇಬಿಟ್ಟಿದ್ದಾರೆ ಅಂತ ಗೊತ್ತಾದರೂ ಕೈಚೆಲ್ಲಬೇಡಿ. ಕೊಡಗಿಗೆ ರೈಲಿಲ್ಲ. ಉತ್ತರಕ್ಕೆ ಹೋಗುವವರು ಸಾಮಾನ್ಯವಾಗಿ ಬಸ್ಸಿನಲ್ಲೋ ಕಾರಿನಲ್ಲೋ ಮೈಸೂರಿಗೆ ಇಳಿದು ರೈಲು ಹತ್ತಬೇಕು. ಗೋಣಿಕೊಪ್ಪದಿಂದ ಮೈಸೂರಿಗೆ ಎರಡೂವರೆ ಮೂರು ಗಂಟೆ ದಾರಿ. ಅಷ್ಟರೊಳಗೆ 112ಕ್ಕೂ ರೈಲ್ವೆಯ 139ಕ್ಕೂ ಹೇಳಿ, ಹುಡುಗಿಯ ಫೋಟೋ, ಬಟ್ಟೆಯ ಬಣ್ಣ ಕೊಟ್ಟರೆ ರೈಲ್ವೆ ಪೊಲೀಸರು ಪ್ಲಾಟ್‌ಫಾರಂನಲ್ಲೇ ತಡೆಯಬಹುದು.

ಹೋಗಿಬಿಟ್ಟಿದ್ದರೆ

ನಮ್ಮ ಹುಡುಗಿ ಹೋದ ಐದನೆಯ ತಿಂಗಳು. ರಾತ್ರಿ ಒಂಬತ್ತು ಗಂಟೆ ಇರಬಹುದು, ಗೊತ್ತಿಲ್ಲದ ನಂಬರಿನಿಂದ ಆರು ಮಿಸ್ಡ್ ಕಾಲ್. ಏಳನೆಯದನ್ನು ಎತ್ತಿದೆ. ಉಸಿರು ಮಾತ್ರ ಕೇಳಿಸಿತು. ಆಮೇಲೆ, "ಟೀಚರೇ, ನಾನು."

ಅಂಗನವಾಡಿ ಗೋಡೆ ಮೇಲೆ ನನ್ನ ನಂಬರ್ ಬರೆದಿದೆ. ತಮ್ಮನನ್ನು ಬಿಡಲು ದಿನಾ ಬರುತ್ತಿದ್ದಳಲ್ಲ, ನೋಡಿ ನೋಡಿ ಬಾಯಿಪಾಠ ಆಗಿತ್ತಂತೆ. ಅವಳ ಫೋನನ್ನು ಮೊದಲ ದಿನವೇ ಕಿತ್ತುಕೊಂಡಿದ್ದರು. ತಾಯಿಯ ಜೊತೆ ಮಾತಾಡಲು ತಿಂಗಳಿಗೊಮ್ಮೆ ಬಿಡುತ್ತಿದ್ದರು, ಅದೂ ಸ್ಪೀಕರ್ ಹಾಕಿ, ಎದುರು ಕೂತು. "ಚೆನ್ನಾಗಿದ್ದೀನಿ" ಅಂತ ತಾಯಿಗೆ ಕೇಳಿಸುತ್ತಿದ್ದದ್ದು ಅದು. ಈ ಫೋನು ಪಕ್ಕದ ಮನೆಯ ಸೊಸೆಯದು. ಅವಳನ್ನೂ ಹೀಗೇ ಅಸ್ಸಾಮಿನಿಂದ ತಂದಿದ್ದರು. ಇವಳಿಗೆ ಅವಳ ಭಾಷೆ ಬರುವುದಿಲ್ಲ, ಅವಳಿಗೆ ಇವಳದು ಬರುವುದಿಲ್ಲ. ಎಮ್ಮೆ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಇವಳು ಕಿವಿಗೆ ಕೈಯಿಟ್ಟು ಸನ್ನೆ ಮಾಡಿದಳಂತೆ. ಅವಳು ಸೆರಗಿನೊಳಗಿಂದ ಫೋನ್ ತೆಗೆದುಕೊಟ್ಟಳಂತೆ.

ನಾನು ಮಾಡಿದ ತಪ್ಪು ಏನೆಂದರೆ, "ಹೇಗಿದ್ದೀಯ, ಹೊಡೀತಾರಾ, ಊಟ ಕೊಡ್ತಾರಾ" ಅಂತ ಕೇಳುತ್ತಾ ಎರಡು ನಿಮಿಷ ಕಳೆದೆ. ಎರಡೂ ಕಡೆ ಅಳು. ಯಾವ ಊರು ಅಂತ ಕೇಳುವ ಹೊತ್ತಿಗೆ ಫೋನ್ ಕಟ್ಟಾಯಿತು. ನಿಮಗೆ ಇಂಥ ಕರೆ ಬಂದರೆ ಮೊದಲು ಜಾಗ ಕೇಳಿ. ಊರಿನ ಹೆಸರು ಗೊತ್ತಿಲ್ಲದಿದ್ದರೆ ಹತ್ತಿರದ ರೈಲ್ವೆ ಸ್ಟೇಷನ್, ಬಸ್ಸಿನವರು ಕೂಗುವ ಹೆಸರು, ಶಾಲೆ, ದೇವಸ್ಥಾನ. ವಾಟ್ಸಾಪ್ ಇರುವ ಫೋನಾದರೆ ಲೊಕೇಶನ್ ಕಳಿಸುವುದು ಹೇಗೆ ಅಂತ ಹೇಳಿಕೊಡಿ. ಎರಡನೆಯದಾಗಿ ಕೇಳಬೇಕಾದದ್ದು, ಈಗಲೇ ಜೀವಕ್ಕೆ ಅಪಾಯ ಇದೆಯಾ ಅಂತ. "ಹೂಂ", "ಊಹೂಂ" ಅಂದರೆ ಸಾಕು ಅನ್ನುವ ಹಾಗೆ ಕೇಳಿ. ಉಳಿದದ್ದೆಲ್ಲ ಆಮೇಲೆ.

ಆ ನಂಬರಿಗೆ ನೀವಾಗಿ ವಾಪಸ್ ಫೋನ್ ಮಾಡಬೇಡಿ. ಎಷ್ಟೇ ಸಂಕಟವಾದರೂ ಬೇಡ. ನಿಮ್ಮ ಒಂದು ಕಾಲ್‌ನಿಂದ ಇಬ್ಬರು ಹೆಂಗಸರು ಏಟು ತಿನ್ನಬಹುದು.

ಹನ್ನೊಂದು ದಿನ ಕಾದೆ. ಮತ್ತೆ ಅವಳೇ ಮಾಡಿದಳು. ಅವಳಿಗೆ ಕನ್ನಡ ಓದಲು ಬರುತ್ತದೆ, ಅಲ್ಲಿನ ಬೋರ್ಡೆಲ್ಲ ಹಿಂದಿ. "ಮನೆಗೆ ಕರೆಂಟ್ ಬಿಲ್ ಬರುತ್ತಾ ನೋಡು, ಅದರ ಫೋಟೋ ತೆಗಿ" ಅಂದೆ. ಮಾರನೆಯ ದಿನ ಬಂದ ಫೋಟೋ ಅರ್ಧ ಮಸುಕು, ಬಿಲ್ಲಿನ ಮೇಲೆ ಅವಳ ಹೆಬ್ಬೆರಳು. ಉಗುರಿನೊಳಗೆ ಸಗಣಿ ಒಣಗಿತ್ತು. ಆ ಫೋಟೋವನ್ನು ಹೈಸ್ಕೂಲಿನ ಹಿಂದಿ ಟೀಚರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಹಾಕಿ, ದೊಡ್ಡದು ಮಾಡಿ, ಹಳ್ಳಿ, ತಹಸೀಲು, ಜಿಲ್ಲೆ ಮೂರನ್ನೂ ಓದಿ ಬರೆದುಕೊಟ್ಟರು. ಐದು ತಿಂಗಳಿಂದ ಬರೀ "ದೂರ" ಆಗಿದ್ದದ್ದಕ್ಕೆ ಅವತ್ತು ಒಂದು ಹೆಸರು ಸಿಕ್ಕಿತು.

ತಾಯಿಗೂ ಒಂದು ಗುರುತಿನ ಮಾತು ಹೇಳಿಕೊಟ್ಟೆವು. ಸ್ಪೀಕರಿನಲ್ಲಿ ಮಾತಾಡುವಾಗ ಹುಡುಗಿ "ನಾಯಿ ಹೇಗಿದೆ ಅವ್ವಾ" ಅಂದರೆ ಪರಿಸ್ಥಿತಿ ಕೆಟ್ಟಿದೆ ಅಂತ ಅರ್ಥ. ಅವರ ಮನೆಯಲ್ಲಿ ನಾಯಿಯೇ ಇಲ್ಲ. ಮನೆಮಾತು ಅಲ್ಲಿ ಯಾರಿಗೂ ಅರ್ಥವಾಗದೆ ಇರುವುದು ಅವಳಿಗೆ ಕಷ್ಟವೂ ಹೌದು, ಅವಳ ಕೈಯಲ್ಲಿರುವ ಒಂದೇ ಬಲವೂ ಹೌದು. ಅದನ್ನು ಬಳಸಿಕೊಳ್ಳಿ.

ಪೊಲೀಸ್ ದೂರಿನ ವಿಷಯ. ನಾವು ಮೊದಲು ಹೋದ ಠಾಣೆಯಲ್ಲಿ "ಮದುವೆ ಆಗಿದೆಯಲ್ಲಮ್ಮ, ಹರಿಯಾಣಕ್ಕೇ ಹೋಗಿ ಕೊಡಿ" ಅಂದರು. ನಾನು ಬಾಯಿ ಮುಚ್ಚಿಕೊಂಡು ಬಂದೆ. ಅದು ತಪ್ಪು. ಹುಡುಗಿಯನ್ನು ಕರೆದುಕೊಂಡು ಹೋದದ್ದು ಇಲ್ಲಿಂದ, ಕೇಸು ಇಲ್ಲೇ ಆಗುತ್ತದೆ. 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜೀರೋ ಎಫ್‌ಐಆರ್ ಅನ್ನುತ್ತಾರೆ. ಮಗು ಕಾಣೆಯಾದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ದೂರಿನಲ್ಲಿ "ಮದುವೆ ಮಾಡಿಕೊಟ್ಟಿದ್ದೆವು, ಈಗ ಕಷ್ಟದಲ್ಲಿದ್ದಾಳೆ" ಅಂತ ಬರೆದರೆ ಸಂಸಾರದ ಜಗಳ ಅಂತ ಫೈಲು ಮುಚ್ಚುತ್ತಾರೆ. ದುಡ್ಡು ಕೊಟ್ಟದ್ದು, ಯಾರು ಕೊಟ್ಟರು, ಎಷ್ಟು, ಎಲ್ಲಿ, ಅವಳ ಫೋನ್ ಕಿತ್ತುಕೊಂಡದ್ದು, ಹೊರಗೆ ಬಿಡದೆ ಇರುವುದು, ಇವನ್ನು ಬರೆಯಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಸಾಗಣೆಯದು. 18 ತುಂಬದವಳನ್ನು ಸಾಗಿಸಿದರೆ ಕನಿಷ್ಠ 10 ವರ್ಷ ಜೈಲು, ಜೀವಾವಧಿ ತನಕ ಹೋಗಬಹುದು. ಹುಡುಗಿ ಒಪ್ಪಿ ಹೋದಳು ಅನ್ನುವುದು ಆ ಕಲಮಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಲವಂತದ ಮದುವೆಗಾಗಿ ಹೆಣ್ಣನ್ನು ಅಪಹರಿಸಿದರೆ 87ನೇ ಕಲಂ. ಹುಡುಗಿ ಯರವ, ಜೇನುಕುರುಬರಂಥ ಪರಿಶಿಷ್ಟ ಸಮುದಾಯದವಳಾಗಿದ್ದು, ಕರೆದುಕೊಂಡು ಹೋದವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಲು ಕೇಳಿ.

ಇದನ್ನೆಲ್ಲ ನಾವೇ ಬರೆಯಲು ಆಗುವುದಿಲ್ಲ ಅಂತ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಫೋನ್ 15100. ನಮಗೆ ಸಿಕ್ಕಿದ ವಕೀಲೆ ಚಿಕ್ಕ ವಯಸ್ಸಿನವರು. ತಾಯಿ ಪಕ್ಕ ನೆಲದ ಮೇಲೇ ಕೂತು, ಅವಳು ಹೇಳಿದ್ದನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಬರೆದರು. ಆ ಅರ್ಜಿ ಆದ ಮೇಲೆಯೇ ಇಲ್ಲಿನ ಪೊಲೀಸರು ಅಲ್ಲಿನ ಪೊಲೀಸರ ಜೊತೆ ಸೇರಿ ಹೋದರು. ಪೊಲೀಸರು ಅಲುಗಾಡದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು. ಹುಡುಗಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ ಅದು. ನೀವಾಗಿ ನಾಲ್ಕು ಜನ ಗಾಡಿ ಮಾಡಿಕೊಂಡು ಆ ಹಳ್ಳಿಗೆ ಮಾತ್ರ ಹೋಗಬೇಡಿ.

ವಾಪಸ್ ಬಂದ ಮೇಲೆ

18ರ ಒಳಗಿನವಳಾದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅದು ಶಿಕ್ಷೆ ಅಲ್ಲ ಅಂತ ಅವಳಿಗೆ ಮೊದಲೇ ಹೇಳಿ. ನಮ್ಮವಳಿಗೆ ಅಷ್ಟರಲ್ಲಿ 18 ದಾಟಿತ್ತು. ದೊಡ್ಡವಳಾಗಿದ್ದಾಗ ಒತ್ತಾಯದಿಂದಲೋ ಮೋಸದಿಂದಲೋ ಮದುವೆಯಾದವರು ಹಿಂದೂ ವಿವಾಹ ಕಾಯ್ದೆಯಲ್ಲಿ ಅದನ್ನು ರದ್ದು ಮಾಡಿ ಅಂತ ಕೇಳಬಹುದು. ಒತ್ತಾಯ ತಪ್ಪಿದ, ಇಲ್ಲವೇ ಮೋಸ ಗೊತ್ತಾದ ಒಂದು ವರ್ಷದೊಳಗೆ ಹಾಕಬೇಕು, ಆ ಗಡುವು ಮರೆಯಬೇಡಿ. ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನು ಅವಳು ಈಗ ಇರುವ ಊರಿನಲ್ಲೇ ಹಾಕಬಹುದು.

ಬಂದ ದಿನ ಅವಳನ್ನು ಏನೂ ಕೇಳಬೇಡಿ. ನಮ್ಮ ಹುಡುಗಿ ಬಂದವಳು ಒಲೆ ಮುಂದೆ ಕೂತು ಒಂದು ತಟ್ಟೆ ಗಂಜಿ ಕುಡಿದು ಹದಿನಾರು ಗಂಟೆ ಮಲಗಿದಳು. ಲೈನ್ ಮನೆಯವರೆಲ್ಲ ಬಾಗಿಲಲ್ಲಿ. ನಾನು ಬಾಗಿಲು ಹಾಕಿಕೊಂಡು ಹೊರಗೆ ಕುರ್ಚಿ ಹಾಕಿ ಕೂತೆ. ಯಾರೋ "ಹುಡುಗಿ ಸಿಕ್ಕಿದಳು" ಅಂತ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಲು ಹೊರಟಿದ್ದರು, ಬೇಡಿಕೊಂಡು ತೆಗೆಸಿದೆ. ಚಿಕ್ಕ ಹುಡುಗಿಯರಾದರೆ ಹಾಗೆ ಗುರುತು ಹೊರಗೆ ಹಾಕುವುದು ಅಪರಾಧ. ದೊಡ್ಡವರಾದರೂ ಅವರ ಮುಖ ಅವರದು. ಆಸ್ಪತ್ರೆಗೆ ಹೋಗಬೇಕಾದದ್ದು ಬೇಗ ಹೋಗಲಿ, ಆದರೆ ಅವಳು ನಂಬುವ ಒಬ್ಬಳು ಹೆಂಗಸು ಜೊತೆಯಲ್ಲಿ ಇರಲಿ.

ತಾಯಿ ತಂದೆಯನ್ನು ಏನು ಮಾಡುವುದು ಅಂತ ಹಲವರು ಕೇಳುತ್ತಾರೆ. ದುಡ್ಡು ತೆಗೆದುಕೊಂಡದ್ದು ತಪ್ಪೇ. ಆದರೆ ಸರ್ವೆ ದಿನ ಆ ತಾಯಿ "ದೂರ" ಅಂದಾಗ ನನ್ನ ಮುಖ ನೋಡಿದ್ದಳು, ನಾನು ಪುಸ್ತಕ ನೋಡುತ್ತಿದ್ದೆ. ಈಗ ಯಾರಾದರೂ ಹಾಗೆ ಅಂದರೆ ಪೆನ್ನು ಮುಚ್ಚಿಟ್ಟು ಅಲ್ಲೇ ಕೂರುತ್ತೇನೆ. ಊರು, ಜಿಲ್ಲೆ, ಪಿನ್‌ಕೋಡ್, ಎರಡು ಫೋನ್ ನಂಬರ್ ಸಿಗುವ ತನಕ ಮುಂದಿನ ಮನೆಗೆ ಹೋಗುವುದಿಲ್ಲ. ಕಿಶೋರಿಯರ ಸಭೆಯಲ್ಲಿ ಎಲ್ಲ ಹುಡುಗಿಯರಿಂದಲೂ 1098, 112 ಮತ್ತು ತಾವು ನಂಬುವ ಒಬ್ಬರ ನಂಬರನ್ನು ಬಾಯಿಪಾಠ ಹೇಳಿಸುತ್ತೇನೆ. ಫೋನ್ ಕಿತ್ತುಕೊಂಡರೂ ತಲೆಯಲ್ಲಿರುವ ನಂಬರ್ ಅವಳ ಹತ್ತಿರವೇ ಇರುತ್ತದೆ.

ಕೊನೆಗೆ ಆ ದುಡ್ಡಿನ ವಿಷಯ. ಹುಡುಗಿ ಬಂದ ಮೇಲೆ ದಲ್ಲಾಳಿ ಕಡೆಯವರು ಬಂದು "40,000 ವಾಪಸ್ ಕೊಡಿ, ಇಲ್ಲ ಹುಡುಗಿ ಕಳಿಸಿ" ಅಂತ ಹೆದರಿಸುತ್ತಾರೆ. ನಮ್ಮಲ್ಲಿಗೂ ಬಂದರು. ಅದು ಸಾಲ ಅಲ್ಲ. ಮನುಷ್ಯರನ್ನು ಮಾರುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ತೋಟದ ಅಡ್ವಾನ್ಸ್ ತೆಗೆದುಕೊಂಡಾದರೂ ತೀರಿಸಿಬಿಡೋಣ ಅಂತ ಅಪ್ಪ ಹೊರಟಿದ್ದ, ತಡೆದೆವು. ಹಾಗೆ ಬಂದವರ ಜೊತೆ ವಾದ ಮಾಡಬೇಡಿ. ಗಾಡಿ ನಂಬರ್ ಬರೆದುಕೊಳ್ಳಿ, ಆಡಿದ ಮಾತು ರೆಕಾರ್ಡ್ ಮಾಡಿ, 112ಕ್ಕೆ ಫೋನ್ ಮಾಡಿ, ಮೊದಲಿನ ಕೇಸಿನ ನಂಬರ್ ಹೇಳಿ. ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸಿಟ್ಟಿರಿ.